೨೯೯ ರೂಪಾಯಿ ಕುರ್ತಿಯ ಲೆಕ್ಕ

ನಮ್ಮ ಹೆಣ್ಣುಮಕ್ಕಳು ಏನು ಉಡಬೇಕು ಅಂತ ಹೇಳೋದಕ್ಕೆ ಈ ದೇಶದಲ್ಲಿ ಎಲ್ಲರಿಗೂ ಬಾಯಿದೆ. ಊರ ಯಜಮಾನನಿಗೆ ಬಾಯಿದೆ, ಮಠದ ಸ್ವಾಮಿಗೆ ಬಾಯಿದೆ, ಕಾಲೇಜಿನ ಪ್ರಿನ್ಸಿಪಾಲರಿಗೆ ಬಾಯಿದೆ. ಈಗ ನಗರದ ಸಭ್ಯರಿಗೂ ಬಾಯಿ ಬಂದಿದೆ. ಮೊಬೈಲಿನಲ್ಲಿ ೨೯೯ ರೂಪಾಯಿಗೆ ಒಂದು ಕುರ್ತಿ ತರಿಸಿಕೊಂಡ ಕೂಲಿಕಾರನ ಮಗಳನ್ನು ನಡುಬೀದಿಯಲ್ಲಿ ನಿಲ್ಲಿಸಿಕೊಂಡು ಇವರೆಲ್ಲ ಸರದಿಯ ಮೇಲೆ ಬುದ್ಧಿ ಹೇಳುತ್ತಿದ್ದಾರೆ. 'ಕಾಲ ಕೆಟ್ಟೋಯ್ತು ಕಣಯ್ಯ, ಕಳೆ ಕೀಳೋರ ಮಕ್ಳೂ ಜೀನ್ಸ್ ಹಾಕ್ಕಂಡ್ ಓಡಾಡ್ತವೆ' ಅಂತ ಯಜಮಾನ. 'ಸಂಸ್ಕೃತಿ ನಾಶವಾಗುತ್ತಿದೆ' ಅಂತ ಸ್ವಾಮಿ. 'ಅಗ್ಗದ ಬಟ್ಟೆ ಕೊಳ್ಳಬೇಡಮ್ಮ, ಭೂಮಿ ಹಾಳಾಗುತ್ತೆ, ಕೈಮಗ್ಗದ್ದು ಉಡು' ಅಂತ ವಿಚಾರ ಸಂಕಿರಣದ ವಿದ್ವಾಂಸ.

ಈ ಕಡೆ ನಿಂತು ಕಂಪನಿಯವನು ಕೈಬೀಸಿ ಕರೆಯುತ್ತಾನೆ: ಬಾ ತಾಯಿ ಬಾ, ಇಲ್ಲಿ ಜಾತಿ ಇಲ್ಲ, ಮೇಲು ಕೀಳಿಲ್ಲ, ಫ್ಯಾಷನ್ ಎಲ್ಲರ ಹಕ್ಕು, ದುಡ್ಡು ಮನೆ ಬಾಗಿಲಲ್ಲೇ ಕೊಡು, ಬೇಡವಾದರೆ ವಾಪಸ್ ಕೊಡು.

ಬೈಯುವವನೂ ಕರೆಯುವವನೂ ಸೇರಿ ಒಂದು ಪ್ರಶ್ನೆಯನ್ನು ಮಾತ್ರ ಎತ್ತುವುದಿಲ್ಲ. ಆ ಕುರ್ತಿಯನ್ನು ಹೊಲಿದವಳು ಯಾರು? ಅವಳ ಕೈಗೆ ಎಷ್ಟು ಬಂತು? ನಮ್ಮ ಜಗಳ ಇರುವುದು ಈ ಪ್ರಶ್ನೆಯಲ್ಲಿ.

ಮೊದಲು ಬೈಯುವವರಿಗೆ ಉತ್ತರ ಹೇಳಿ ಮುಗಿಸೋಣ.

ಗೆಳೆಯರೇ, ಬಟ್ಟೆ ಅನ್ನುವುದು ನಮಗೆ ಯಾವತ್ತೂ ಬರೀ ಮಾನ ಮುಚ್ಚುವ ಅರಿವೆಯಾಗಿರಲಿಲ್ಲ. ಹೆಣದ ಮೇಲಿನ ಬಟ್ಟೆಯೇ ಚಂಡಾಲರ ಉಡುಪು, ಒಡೆದ ಮಡಕೆಯೇ ಊಟದ ತಟ್ಟೆ, ಕಬ್ಬಿಣವೇ ಒಡವೆ ಅಂತ ವಿಧಿಸಿದ್ದು ಮನುಸ್ಮೃತಿಯ ಹತ್ತನೇ ಅಧ್ಯಾಯ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆಯ ಮೇಲೆ ಒಂದು ತುಂಡು ಬಟ್ಟೆ ಹೊದೆಯುವುದಕ್ಕೆ ದಶಕಗಟ್ಟಲೆ ಬಡಿದಾಡಬೇಕಾಯಿತು. ಬೀದಿಯಲ್ಲಿ ಬಟ್ಟೆ ಹರಿಸಿಕೊಂಡರು, ಮನೆ ಸುಡಿಸಿಕೊಂಡರು. ಕೊನೆಗೆ ೧೮೫೯ರಲ್ಲಿ ಅಲ್ಲಿನ ಮಹಾರಾಜ ಅಪ್ಪಣೆ ಕೊಟ್ಟ. ಅದಕ್ಕೂ ಒಂದು ಷರತ್ತು: ಹೊದ್ದುಕೊಳ್ಳಿ, ಆದರೆ ಮೇಲ್ಜಾತಿ ಹೆಂಗಸರು ಹೊದ್ದಂತೆ ಹೊದೆಯಬೇಡಿ! ಎದೆ ಮುಚ್ಚಿದರೂ ಜಾತಿ ಮುಚ್ಚಬಾರದು ಅನ್ನುವುದು ರಾಜನ ನ್ಯಾಯ.

೧೯೨೭ರ ಡಿಸೆಂಬರ್ ೨೫ರಂದು ಮಹಾಡಿನಲ್ಲಿ ಬಾಬಾಸಾಹೇಬರ ನಾಯಕತ್ವದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಅದು ನಮಗೆಲ್ಲ ಗೊತ್ತು, ಪ್ರತಿ ವರ್ಷ ಭಾಷಣ ಮಾಡುತ್ತೇವೆ. ಅದೇ ಸಮ್ಮೇಳನದ ಸಂದರ್ಭದಲ್ಲಿ ಅವರು ಹೆಂಗಸರನ್ನು ಕೂಡಿಸಿಕೊಂಡು ಮಾತಾಡಿದ್ದನ್ನು ನಮ್ಮ ಭಾಷಣಕಾರರು ಹೇಳುವುದು ಕಡಿಮೆ. ನೀವು ಸೀರೆ ಉಡುವ ರೀತಿಯಿಂದಲೇ ನಿಮ್ಮ ಜಾತಿ ಗುರುತು ಹಿಡಿಯುತ್ತಾರೆ, ಆ ಗುರುತನ್ನು ಕಿತ್ತೆಸೆಯಿರಿ, ಮೇಲ್ಜಾತಿಯ ಹೆಂಗಸರಂತೆಯೇ ನಿರಿಗೆ ಇಳಿಬಿಟ್ಟು ಉಡಿ, ಕೈಕಾಲಿನ ಭಾರದ ಬೆಳ್ಳಿ ಬಳೆ ಕಡಗ ಬಿಡಿ ಅಂತ ಅವರು ಹೇಳಿದರು. ಒಂದು ಕಡೆ ಗ್ರಂಥಕ್ಕೆ ಬೆಂಕಿ, ಇನ್ನೊಂದು ಕಡೆ ಸೀರೆಯ ನಿರಿಗೆ. ಎರಡೂ ಒಂದೇ ಹೋರಾಟ ಅಂತ ಆ ಮನುಷ್ಯನಿಗೆ ಗೊತ್ತಿತ್ತು. ಅವರು ಸೂಟು ಬೂಟು ಹಾಕಿಕೊಂಡು ನಿಂತದ್ದು ಶೋಕಿಗಲ್ಲ.

ಹೀಗಿರುವಾಗ ನಮ್ಮ ಕೇರಿಯ ಹುಡುಗಿ ಹೊಸಾ ಬಟ್ಟೆ, ಅದೂ ಈ ವರ್ಷದ ಮಾದರಿಯ ಬಟ್ಟೆ, ಅದೂ ತಾನೇ ಆರಿಸಿದ ಬಣ್ಣದ್ದು ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಅದನ್ನು ಶೋಕಿ ಅನ್ನುವವನು ಚರಿತ್ರೆ ಓದಿಲ್ಲ. ಅವಳ ಅಜ್ಜಿ ಗೌಡರ ಮನೆಯಲ್ಲಿ ಹಬ್ಬಕ್ಕೆ ಕೊಟ್ಟ ಹಳೇ ಸೀರೆ ಉಟ್ಟಳು. ಅವರು ಉಟ್ಟು ಬಿಟ್ಟಿದ್ದು, ಅವರಿಗೆ ಬೇಡವಾದದ್ದು. ಅವಳ ಅವ್ವ ಸಂತೆಯಲ್ಲಿ ಬಟ್ಟೆ ಕೊಳ್ಳುವಾಗ ಅಂಗಡಿಯವನು ಥಾನು ಬಿಚ್ಚುವ ಮೊದಲೇ 'ದುಡ್ಡೈತಾ?' ಅಂತ ಕೇಳಿದ. ಈ ಹುಡುಗಿಯನ್ನು ಮೊಬೈಲು ಹಾಗೆ ಕೇಳುವುದಿಲ್ಲ. ಸಾವಿರ ಬಟ್ಟೆ ತೋರಿಸಿದರೂ ಅದಕ್ಕೆ ಬೇಸರವಿಲ್ಲ, 'ಮುಟ್ಟಬ್ಯಾಡ, ದೂರ ನಿಂತ್ಕೋ' ಅನ್ನುವುದಿಲ್ಲ. ಇದು ಸಣ್ಣ ಸಂಗತಿ ಅಂತ ಅನ್ನಿಸುವುದು ಯಾವತ್ತೂ ದೂರ ನಿಲ್ಲದವರಿಗೆ ಮಾತ್ರ.

ಆದರೂ ಒಂದು ಮಾತು. ವಿಳಾಸ ತುಂಬುವಾಗ ಅವಳು 'ಎ.ಕೆ. ಕಾಲೋನಿ' ಅಂತಲೋ 'ಹರಿಜನ ಕೇರಿ' ಅಂತಲೋ ಬರೆಯಲೇಬೇಕು. ಫ್ಯಾಷನ್ನಿನ ಪೊಟ್ಟಣದ ಮೇಲೆ ಜಾತಿ ಅಚ್ಚಾಗಿಯೇ ಬರುತ್ತದೆ. ಪೊಟ್ಟಣದ ಒಳಗಿನ ಬಟ್ಟೆಯನ್ನು ತೊಟ್ಟು ತೋರಿಸಿದ ಚಿತ್ರದ ಹುಡುಗಿಯೋ, ನೂರಕ್ಕೆ ತೊಂಬತ್ತು ಸಲ ಹಾಲಿನ ಬಣ್ಣದವಳು. ನಮ್ಮ ಕಪ್ಪು ಚರ್ಮದ ಮೇಲೆ ಈ ಬಟ್ಟೆ ಹೇಗೆ ಕಾಣುತ್ತದೆ ಅಂತ ತೋರಿಸುವ ಧೈರ್ಯ 'ಎಲ್ಲರ ಫ್ಯಾಷನ್' ಮಾರುವವನಿಗೂ ಇಲ್ಲ.

ಇನ್ನು ಕೈಮಗ್ಗದ ಉಪದೇಶ. ನೇಕಾರರ ಮೇಲೆ ನಮಗೆ ಜಗಳವಿಲ್ಲ. ಇಳಕಲ್ಲಿನವರು, ಗುಳೇದಗುಡ್ಡದವರು ನಮ್ಮಂತೆಯೇ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ದುಡಿದವರು. ಜಗಳ ಇರುವುದು ಮೂರು ಸಾವಿರದ ಖಾದಿ ಕುರ್ತಾ ತೊಟ್ಟು ೨೯೯ರ ಕುರ್ತಿಯವಳಿಗೆ ಸರಳ ಜೀವನದ ಪಾಠ ಹೇಳುವವರ ಮೇಲೆ. ಸ್ವಾಮಿ, ವರ್ಷಕ್ಕೆ ಎರಡು ಜೊತೆ ಬಟ್ಟೆಯಲ್ಲಿ ಬದುಕುವುದು ಹೇಗೆ ಅಂತ ನೀವು ನಮಗೆ ಹೇಳಿಕೊಡಬೇಕಾಗಿಲ್ಲ. ತಲೆತಲಾಂತರದಿಂದ ನಾವು ಮಾಡಿದ್ದು ಅದನ್ನೇ. ಕಡಿಮೆ ಕೊಳ್ಳಿ ಅನ್ನುವ ಮಾತನ್ನು ಮೊದಲು ಬೀರು ತುಂಬಿದವರ ಮನೆಯಲ್ಲಿ ಹೇಳಿ ಬನ್ನಿ.

ಬೈಯುವವರ ಕಥೆ ಇಷ್ಟು. ಈಗ ಕರೆಯುವವನ ಕಡೆ ತಿರುಗೋಣ. ಅವನು ಹೆಚ್ಚು ಅಪಾಯದವನು, ಯಾಕೆಂದರೆ ನಗುನಗುತ್ತ ಮಾತಾಡುತ್ತಾನೆ.

ಈ ಮೊಬೈಲು ಬಟ್ಟೆಯಂಗಡಿಗಳ ತವರು ನಮ್ಮ ಬೆಂಗಳೂರೇ. ಫ್ಲಿಪ್‌ಕಾರ್ಟ್, ಮಿಂತ್ರಾ ಎರಡೂ ೨೦೦೭ರಲ್ಲಿ ಇಲ್ಲಿ ಶುರುವಾದವು, ಮೀಶೋ ೨೦೧೫ರಲ್ಲಿ. ೨೦೧೪ರಲ್ಲಿ ಫ್ಲಿಪ್‌ಕಾರ್ಟ್ ಮಿಂತ್ರಾವನ್ನು ನುಂಗಿತು, ೨೦೧೮ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟಿನ ಬಹುಪಾಲನ್ನು ನುಂಗಿತು. ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುವ ಹಳೇ ನ್ಯಾಯ. ಚೀನಾದ ಶೀಇನ್ ಕಥೆ ಇನ್ನೂ ಸೊಗಸು. ೨೦೨೦ರ ಜೂನಿನಲ್ಲಿ ಗಡಿಯಲ್ಲಿ ನಮ್ಮ ಸೈನಿಕರು ಸತ್ತಾಗ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ದೇಶಭಕ್ತರು ಚಪ್ಪಾಳೆ ತಟ್ಟಿದರು. ೨೦೨೫ರ ಫೆಬ್ರವರಿಯಲ್ಲಿ ಅದೇ ಶೀಇನ್ ರಿಲಯನ್ಸಿನ ಕೈ ಹಿಡಿದುಕೊಂಡು ವಾಪಸ್ ಬಂತು. ಬಡವನ ಮಗ ಗಡಿಯಲ್ಲಿ ಸಾಯುವಾಗ ಬೇಕಾದ ದೇಶಭಕ್ತಿ ಬಂಡವಾಳ ಕೈಕುಲುಕುವಾಗ ಬೇಕಾಗುವುದಿಲ್ಲ. ಆ ಶೀಇನ್‌ಗೆ ಬಟ್ಟೆ ಹೊಲಿಯುವ ಗುವಾಂಗ್‌ಝೌ ಊರಿನ ಸಣ್ಣ ಕಾರ್ಖಾನೆಗಳಲ್ಲಿ ಜನ ವಾರಕ್ಕೆ ೭೫ ಗಂಟೆಯವರೆಗೆ ದುಡಿಯುತ್ತಿದ್ದಾರೆ ಅಂತ ಸ್ವಿಟ್ಜರ್ಲೆಂಡಿನ 'ಪಬ್ಲಿಕ್ ಐ' ಸಂಸ್ಥೆ ೨೦೨೧ರಲ್ಲೇ ಬಯಲಿಗಿಟ್ಟಿತ್ತು.

ಇವರ ವ್ಯಾಪಾರದ ಗುಟ್ಟು ಏನು? 'ಟ್ರೆಂಡ್' ಅನ್ನುವ ಒಂದು ಪದ. ಹೋದ ಯುಗಾದಿಯ ತೋಳು ಈ ಯುಗಾದಿಗೆ ಹಳತು ಅನ್ನಿಸಬೇಕು. ಈ ತಿಂಗಳ ಕೊರಳ ಪಟ್ಟಿ ಮುಂದಿನ ತಿಂಗಳಿಗೆ ನಾಚಿಕೆ ಹುಟ್ಟಿಸಬೇಕು. ಸಿನಿಮಾದ ನಟಿ ಇವತ್ತು ತೊಟ್ಟದ್ದು ಮುಂದಿನ ವಾರ ಮೊಬೈಲಿನಲ್ಲಿರಬೇಕು. ಮೊದಲು ಸ್ವಲ್ಪವೇ ಹೊಲಿಸುತ್ತಾರೆ, ಯಾವುದರ ಮೇಲೆ ಎಷ್ಟು ಬೆರಳು ಬಿತ್ತು ಅಂತ ಯಂತ್ರ ಲೆಕ್ಕ ಹಾಕುತ್ತದೆ, ಓಡಿದ್ದನ್ನು ರಾತ್ರೋರಾತ್ರಿ ಸಾವಿರಗಟ್ಟಲೆ ಹೊಲಿಸುತ್ತಾರೆ. ೨೦೨೪ರ ಕೊನೆಗೆ ಬೆಂಗಳೂರಿನಲ್ಲಿ ಅರ್ಧ ಗಂಟೆಯಲ್ಲಿ ಬಟ್ಟೆ ಮನೆಗೆ ತಲುಪಿಸುವ ವ್ಯವಸ್ಥೆಯೂ ಶುರುವಾಯಿತು. ಹೆರಿಗೆ ನೋವು ಬಂದ ಹೆಂಗಸಿಗೆ ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಸಿಗದ ಹಳ್ಳಿಗಳಿರುವ ರಾಜ್ಯದಲ್ಲಿ ಅರ್ಧ ಗಂಟೆಗೆ ಲಂಗ ಬರುತ್ತದೆ!

ಈ ವೇಗ ಆಕಾಶದಿಂದ ಇಳಿಯುವುದಿಲ್ಲ. ತೆರೆಯ ಮೇಲೆ ಬೆರಳು ಆಡಿದಷ್ಟು ವೇಗವಾಗಿ ಎಲ್ಲೋ ಒಂದು ಕಡೆ ಹೊಲಿಗೆ ಯಂತ್ರದ ಮುಂದೆ ಒಬ್ಬಳ ಬೆರಳು ಆಡಲೇಬೇಕು.

ಆ ಬೆರಳು ಯಾರದು ಅಂತ ನೋಡಬೇಕಾದರೆ ಬೆಳಗಿನ ಜಾವ ಪೀಣ್ಯಕ್ಕೆ ಹೋಗಿ, ಬೊಮ್ಮನಹಳ್ಳಿಗೆ ಹೋಗಿ, ಮೈಸೂರು ರಸ್ತೆಗೆ ಹೋಗಿ. ರಾಮನಗರ, ಮದ್ದೂರು, ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳಿಗೆ ಹೋಗಿ. ಕತ್ತಲಲ್ಲೇ ಎದ್ದು ಮುದ್ದೆ ತಿರುವಿಟ್ಟು, ಮಕ್ಕಳನ್ನು ಅತ್ತೆಯ ಕೈಗೆ ಹಾಕಿ, ಟೆಂಪೋದಲ್ಲಿ ಕುರಿಗಳಂತೆ ತುಂಬಿಕೊಂಡು ಹೋಗುವ ಹೆಂಗಸರು. ಕರ್ನಾಟಕದ ಗಾರ್ಮೆಂಟ್ಸ್‌ನಲ್ಲಿ ಲಕ್ಷಗಟ್ಟಲೆ ಜನ ದುಡಿಯುತ್ತಾರೆ, ಅದರಲ್ಲಿ ಹೆಂಗಸರೇ ಬಹುಪಾಲು. ದಲಿತರು, ಹಿಂದುಳಿದವರು, ಮುಸ್ಲಿಮರು. ಈಗ ಒಡಿಶಾ, ಜಾರ್ಖಂಡಿನಿಂದ ಕರೆತಂದು ಹಾಸ್ಟೆಲಿನಲ್ಲಿ ಕೂಡಿಹಾಕಿದ ಆದಿವಾಸಿ ಹುಡುಗಿಯರೂ ಇದ್ದಾರೆ. ಹೊಲ ಇಲ್ಲದವರ, ಮಳೆ ಕೈಕೊಟ್ಟವರ, ಗಂಡ ಕುಡಿದು ಸತ್ತವರ ಮನೆ ಹೆಂಗಸರು.

ಅಲ್ಲಿ ಒಬ್ಬಳು ದಿನವಿಡೀ ಕಾಲರ್ ಮಾತ್ರ ಹೊಲಿಯುತ್ತಾಳೆ, ಒಬ್ಬಳು ತೋಳು ಮಾತ್ರ ಕೂಡಿಸುತ್ತಾಳೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಮುಟ್ಟದಿದ್ದರೆ ಸೂಪರ್‌ವೈಸರನ ಬಾಯಲ್ಲಿ ಬರುವ ಮಾತನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಲಾಗದು. ನೀರು ಕುಡಿದರೆ ಪಾಯಿಖಾನೆಗೆ ಏಳಬೇಕಾಗುತ್ತೆ, ಎದ್ದರೆ ಪೀಸ್ ನಿಲ್ಲುತ್ತೆ ಅಂತ ನೀರೇ ಕುಡಿಯದೆ ಮೂತ್ರದ ಉರಿ ತಂದುಕೊಂಡ ಹೆಂಗಸರಿದ್ದಾರೆ. ಕೊಳ್ಳುವವಳಿಗೆ ಹತ್ತು ಸಾವಿರ ಬಟ್ಟೆಯಲ್ಲಿ ಒಂದನ್ನು ಆರಿಸುವ ಸ್ವಾತಂತ್ರ್ಯ. ಹೊಲಿಯುವವಳಿಗೆ ಎದ್ದು ಹೋಗಿ ಉಚ್ಚೆ ಹೊಯ್ಯುವ ಸ್ವಾತಂತ್ರ್ಯವಿಲ್ಲ.

ಇದಕ್ಕೆ ಸಂಬಳ, ೨೦೨೪ರ ಹೊತ್ತಿಗೆ, ತಿಂಗಳಿಗೆ ಹದಿಮೂರು ಸಾವಿರದ ಆಸುಪಾಸು. ಪಿ.ಎಫ್., ಇ.ಎಸ್.ಐ. ಹಿಡಿದ ಮೇಲೆ ಕೈಗೆ ಬರುವುದು ಇನ್ನೂ ಕಡಿಮೆ. ಇದು ವಿದೇಶಕ್ಕೆ ಹೊಲಿಯುವ, ಗೇಟು ಬೋರ್ಡು ಹಾಜರಿ ಪುಸ್ತಕ ಎಲ್ಲ ಇರುವ ದೊಡ್ಡ ಕಾರ್ಖಾನೆಯ ಮಾತು. ಮೊಬೈಲಿನ ೨೯೯ರ ಕುರ್ತಿ ಬಹುಪಾಲು ಬರುವುದು ಅದಕ್ಕಿಂತ ಕೆಳಗಿನಿಂದ. ಸೂರತ್ತಿನಲ್ಲಿ, ದೆಹಲಿಯ ಗಾಂಧಿನಗರದಲ್ಲಿ, ಜೈಪುರದಲ್ಲಿ, ತಿರುಪ್ಪೂರಿನಲ್ಲಿ, ನಮ್ಮ ಬೆಂಗಳೂರಿನ ಗಲ್ಲಿಗಳಲ್ಲಿ ಹತ್ತು ಮಿಷನ್ ಹಾಕಿಕೊಂಡ ಕೋಣೆಗಳಿಂದ. ಅಲ್ಲಿ ಪೀಸಿಗಿಷ್ಟು ಅಂತ ಲೆಕ್ಕ. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ, ಹೆಸರೂ ಇಲ್ಲ. ಮೊಬೈಲಿನಲ್ಲಿ ಯಾರ ಬೆಲೆ ಕಡಿಮೆಯೋ ಅವರ ಬಟ್ಟೆ ಮೇಲೆ ಕಾಣುತ್ತದೆ. ಮೇಲೆ ಕಾಣಬೇಕಾದರೆ ಮಾರುವವನು ಹತ್ತು ರೂಪಾಯಿ ಇಳಿಸಬೇಕು. ಬಟ್ಟೆಯ ಬೆಲೆ ಅವನ ಕೈಯಲ್ಲಿಲ್ಲ, ಬಣ್ಣದ ಬೆಲೆ ಅವನ ಕೈಯಲ್ಲಿಲ್ಲ, ಕರೆಂಟಿನ ಬೆಲೆ ಇಲ್ಲವೇ ಇಲ್ಲ. ಅವನ ಕೈಯಲ್ಲಿರುವುದು ಹೊಲಿಯುವವಳ ಕೂಲಿ ಒಂದೇ.

ಒಂದು ಲೆಕ್ಕ ಹಾಕಿ ನೋಡೋಣ. ಮೇಷ್ಟ್ರುಗಳು ಇದನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳ ಕೈಯಲ್ಲಿ ಮಾಡಿಸಬಹುದು. ಒಂದು ಸಾಲಿನಲ್ಲಿ ೪೦ ಹೆಂಗಸರು, ತಲೆಗೆ ದಿನಕ್ಕೆ ೫೦೦ ರೂಪಾಯಿ ಕೂಲಿ ಅಂತ ಇಟ್ಟುಕೊಳ್ಳಿ. ಒಟ್ಟು ೨೦,೦೦೦. ಗಂಟೆಗೆ ೧೦೦ ಪೀಸಿನಂತೆ ಎಂಟು ಗಂಟೆಗೆ ೮೦೦ ಪೀಸ್ ಇಳಿಯಿತು ಅನ್ನಿ. ಒಂದು ಪೀಸಿಗೆ ಬಿದ್ದ ಹೊಲಿಗೆ ಕೂಲಿ ೨೫ ರೂಪಾಯಿ. ಈಗ ಆ ನಲವತ್ತು ಜನರ ಕೂಲಿಯನ್ನು ದುಪ್ಪಟ್ಟು ಮಾಡಿ. ಪೀಸಿನ ಮೇಲೆ ಏರುವುದು ಇನ್ನೊಂದು ೨೫. ೨೯೯ರ ಕುರ್ತಿ ೩೨೪ ಆಗುತ್ತದೆ. ಇಷ್ಟೇ! ಎರಡು ಟೀ ಕುಡಿದ ದುಡ್ಡಿನಲ್ಲಿ ಒಬ್ಬಳ ಬದುಕು ಎರಡರಷ್ಟಾಗುತ್ತದೆ. ಕೂಲಿ ಕೊಟ್ಟರೆ ಬಡವರಿಗೆ ಬಟ್ಟೆ ತುಟ್ಟಿಯಾಗುತ್ತೆ ಅಂತ ಕಂಪನಿಯವನು ಅಳುತ್ತಾನಲ್ಲ, ಆ ಕಣ್ಣೀರಿನ ಬೆಲೆಯೂ ಇಷ್ಟೇ. ಬಡವಳಿಗೆ ಅಗ್ಗವಾಗಿ ಬಟ್ಟೆ ಕೊಡಬೇಕಾದರೆ ಇನ್ನೊಬ್ಬ ಬಡವಳ ಕತ್ತು ಕುಯ್ಯಲೇಬೇಕು ಅನ್ನುವುದು ಹಸೀ ಸುಳ್ಳು. ಅವಳ ೨೫ ರೂಪಾಯಿ ಹೋಗಿರುವುದು ಜಾಹೀರಾತಿನ ನಟಿಗೆ, ರಿಯಾಯ್ತಿ ಮೇಳದ ಡೋಲಿಗೆ, ಹೂಡಿಕೆದಾರನ ಬಡ್ಡಿಗೆ.

ಆ ೨೫ ರೂಪಾಯಿ ಉಳಿಸುವುದಕ್ಕೆ ಇವರು ಎಲ್ಲಿಯವರೆಗೆ ಹೋಗುತ್ತಾರೆ? ೨೦೧೩ರ ಏಪ್ರಿಲ್ ೨೪ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ಸಾವರ್ ಅನ್ನುವಲ್ಲಿ ರಾಣಾ ಪ್ಲಾಜಾ ಕುಸಿಯಿತು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಬ್ಯಾಂಕು ಬಾಗಿಲು ಹಾಕಿತು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಗಾರ್ಮೆಂಟ್ಸ್ ಹೆಂಗಸರನ್ನು ಮಾತ್ರ ಒಳಗೆ ಕಳಿಸಿದರು. ಸತ್ತವರು ೧,೧೩೪ ಜನ. ಬ್ಯಾಂಕಿನ ಗುಮಾಸ್ತನ ಜೀವಕ್ಕಿದ್ದ ಬೆಲೆ ಹೊಲಿಯುವವಳ ಜೀವಕ್ಕಿರಲಿಲ್ಲ.

ಬಾಂಗ್ಲಾ ದೂರವಾಯಿತು ಅನ್ನುವುದಾದರೆ ಪಕ್ಕದ ತಮಿಳುನಾಡಿಗೆ ಬನ್ನಿ. ಅಲ್ಲಿನ ನೂಲಿನ ಗಿರಣಿಗಳು ಹಳ್ಳಿಯ ಬಡ ಹುಡುಗಿಯರನ್ನು, ಹೆಚ್ಚಾಗಿ ದಲಿತ ಹುಡುಗಿಯರನ್ನು, ಮೂರು ವರ್ಷ ದುಡಿದರೆ ಮದುವೆಗೆ ಇಡುಗಂಟು ಕೊಡುತ್ತೇವೆ ಅಂತ ಒಯ್ದು ಹಾಸ್ಟೆಲಿನಲ್ಲಿ ಬೀಗ ಹಾಕಿದವು. ಆ ಜೀತಕ್ಕೆ ಇಟ್ಟ ಹೆಸರು 'ಸುಮಂಗಲಿ'! ೨೦೨೧ರ ಜನವರಿಯಲ್ಲಿ ದಿಂಡಿಗಲ್ ಕಡೆಯ ಕಾರ್ಖಾನೆಯೊಂದರಲ್ಲಿ ಹೊಲಿಯುತ್ತಿದ್ದ ದಲಿತ ಯುವತಿಯೊಬ್ಬಳು ಹೆಣವಾಗಿ ಸಿಕ್ಕಳು. ಕೊಲೆಯ ಆರೋಪ ಬಂದದ್ದು ಅವಳ ಸೂಪರ್‌ವೈಸರನ ಮೇಲೆ. ಆ ಕಾರ್ಖಾನೆ ಹೊಲಿಯುತ್ತಿದ್ದದ್ದು ಎಚ್ ಅಂಡ್ ಎಮ್ ಅನ್ನುವ ಸ್ವೀಡನ್ನಿನ ಫ್ಯಾಷನ್ ಕಂಪನಿಗೆ. ಆಮೇಲೆ ಏನಾಯಿತು ಅನ್ನುವುದನ್ನು ನಾವು ಗಟ್ಟಿಯಾಗಿ ಹೇಳಬೇಕು. ದಲಿತ ಹೆಂಗಸರೇ ಮುಂದೆ ನಿಂತು ನಡೆಸುವ ಅಲ್ಲಿನ ಕಾರ್ಮಿಕ ಸಂಘ ಬಿಡಲಿಲ್ಲ. ಕಾರ್ಖಾನೆಯನ್ನೂ ವಿದೇಶಿ ಕಂಪನಿಯನ್ನೂ ಒಟ್ಟಿಗೆ ಎಳೆದು ತಂದು ೨೦೨೨ರ ಏಪ್ರಿಲಿನಲ್ಲಿ ದಿಂಡಿಗಲ್ ಒಪ್ಪಂದಕ್ಕೆ ಸಹಿ ಹಾಕಿಸಿತು. ಕಾರ್ಖಾನೆಯೊಳಗೆ ಹೆಣ್ಣಿನ ಮೇಲಿನ ದೌರ್ಜನ್ಯಕ್ಕೆ ಬಟ್ಟೆ ಕೊಳ್ಳುವ ಕಂಪನಿಯೂ ಹೊಣೆ ಅಂತ ಕಾಗದದ ಮೇಲೆ ಬರೆಸಿಕೊಂಡಿತು.

ನಮ್ಮಲ್ಲಿಯೂ ಆಗಿದೆ. ಹಿಂದೆ ಬೆಂಗಳೂರಿನ ಬಿನ್ನಿ ಮಿಲ್ಲಿನಲ್ಲಿ ಗಂಡಸರು ಸಂಘ ಕಟ್ಟಿಕೊಂಡು ಎದುರು ನಿಂತಿದ್ದನ್ನು ಬಂಡವಾಳಗಾರರು ಕಂಡಿದ್ದರು. ಗಾರ್ಮೆಂಟ್ಸ್ ಬಂದಾಗ ಹೆಂಗಸರೇ ಬೇಕು ಅಂದರು. ಯಾಕೆ? ಹೆಂಗಸರು ಎದುರು ಮಾತಾಡಲ್ಲ. ೨೦೧೬ರ ಏಪ್ರಿಲ್ ೧೮ ಮತ್ತು ೧೯ರಂದು ಆ ಮಾತಿಗೆ ಉತ್ತರ ಸಿಕ್ಕಿತು. ಪಿ.ಎಫ್. ಹಣದಲ್ಲಿ ಮಾಲೀಕನ ಪಾಲನ್ನು ೫೮ ವರ್ಷದವರೆಗೆ ಮುಟ್ಟುವಂತಿಲ್ಲ ಅಂತ ಕೇಂದ್ರ ಸರ್ಕಾರ ಕಾನೂನು ತಂದಿತ್ತು. ಮಗಳ ಫೀಸಿಗೆ, ಗಂಡನ ಆಪರೇಷನ್ನಿಗೆ ಇದ್ದ ಒಂದೇ ಗಂಟು ಅದು. ಯಾವ ನಾಯಕನೂ ಕರೆ ಕೊಡಲಿಲ್ಲ, ಯಾವ ಪಾರ್ಟಿಯೂ ಬಾವುಟ ಹಿಡಿಯಲಿಲ್ಲ. ಹೊಸೂರು ರಸ್ತೆ ತುಂಬ, ತುಮಕೂರು ರಸ್ತೆ ತುಂಬ ಹೆಂಗಸರೇ ಹೆಂಗಸರು. ಲಾಠಿ ಬಿತ್ತು. ಆದರೂ ೧೯ನೇ ತಾರೀಕೇ ಸರ್ಕಾರ ಕಾನೂನನ್ನು ವಾಪಸ್ ತೆಗೆದುಕೊಂಡಿತು.

೨೦೨೦ರಲ್ಲಿ ಕೊರೋನಾ ನೆಪದಲ್ಲಿ ತಿಂಗಳಿಗೆ ೪೧೭ ರೂಪಾಯಿ ತುಟ್ಟಿಭತ್ಯೆಯನ್ನು ಹಲವು ಕಾರ್ಖಾನೆಗಳು ತಡೆಹಿಡಿದವು. ದಿನಕ್ಕೆ ಹದಿನಾರು ರೂಪಾಯಿ! ಅಷ್ಟನ್ನು ಪಡೆಯಲು ಸಂಘಗಳು ಕೋರ್ಟಿಗೆ ಹೋಗಿ, ವಿದೇಶಿ ಕಂಪನಿಗಳ ಮುಂದೆ ಮಾನ ಹರಾಜು ಹಾಕಿದ ಮೇಲೆ ಬಾಕಿ ಹಣ ಬಿಚ್ಚಿದರು. ಅದೇ ೨೦೨೦ರ ಜೂನಿನಲ್ಲಿ ಶ್ರೀರಂಗಪಟ್ಟಣದಲ್ಲಿ ೧,೨೦೦ ಜನರ ಕಾರ್ಖಾನೆಗೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಬೀಗ ಬಿತ್ತು. ಹೆಂಗಸರು ಗೇಟಿನ ಮುಂದೆ ವಾರಗಟ್ಟಲೆ ಕೂತರು. ೨೦೨೩ರ ಫೆಬ್ರವರಿಯಲ್ಲಿ ನಮ್ಮದೇ ವಿಧಾನಸಭೆ ದಿನಕ್ಕೆ ೧೨ ಗಂಟೆ ದುಡಿಸಬಹುದು, ಹೆಂಗಸರನ್ನು ರಾತ್ರಿ ಪಾಳಿಗೂ ಹಾಕಬಹುದು ಅಂತ ಕಾರ್ಖಾನೆ ಕಾನೂನು ತಿದ್ದಿತು. ಯಾರಿಗಾಗಿ ತಿದ್ದಿದರು ಅಂತ ಕೇಳಬೇಕಾಗಿಲ್ಲ. ಟ್ರೆಂಡಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಬಟ್ಟೆಯ ಕೊನೆಗಾಲವನ್ನೂ ನೋಡಿಬಿಡಿ. ೨೯೯ರ ಕುರ್ತಿ ಬಹುಪಾಲು ಪಾಲಿಯೆಸ್ಟರು. ಅಂದರೆ ಪೆಟ್ರೋಲಿಯಂ ಎಣ್ಣೆಯಿಂದ ತೆಗೆದ ನೂಲು. ನಾಲ್ಕು ಒಗೆತಕ್ಕೆ ಬಣ್ಣ ಬಿಡುತ್ತದೆ, ಬೆವರು ಹೀರುವುದಿಲ್ಲ, ಮಣ್ಣಲ್ಲಿ ಕೊಳೆಯುವುದಿಲ್ಲ. ಅವ್ವನ ಹತ್ತಿ ಸೀರೆ ಹರಿದರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ಕೂಸಿನ ಕೆಳಗಿನ ಬಟ್ಟೆಯಾಗುತ್ತಿತ್ತು. ಇದು ಏನೂ ಆಗದೆ ತಿಪ್ಪೆಗೆ ಬೀಳುತ್ತದೆ. ತಿಪ್ಪೆಯಿಂದ ಅದನ್ನು ಎತ್ತುವವಳು ಯಾರು? ನಮ್ಮ ಪೌರಕಾರ್ಮಿಕಳು. ಅದು ಉರಿದಾಗ ಹೊಗೆ ಕುಡಿಯುವವಳೂ ಅವಳೇ. ಹೊಲಿದವಳು ನಮ್ಮವಳು, ಮನೆಗೆ ತಂದು ಕೊಟ್ಟ ಬೈಕಿನ ಹುಡುಗ ನಮ್ಮವನು, ಉಟ್ಟವಳು ನಮ್ಮವಳು, ಕಸ ಎತ್ತಿದವಳು ನಮ್ಮವಳು. ಲಾಭ ಮಾತ್ರ ನಮ್ಮದಲ್ಲ.

ಹಾಗಾದರೆ ಏನು ಮಾಡೋಣ? ನಮ್ಮ ಸಂಘಟನೆಯ ಗಂಡಸರಿಗೆ ಮೊದಲ ಮಾತು. ಸಭೆಯಲ್ಲಿ ಹುಡುಗಿಯರ ಬಟ್ಟೆ ನೋಡಿ ನಗಬೇಡಿ. ಅವರ ಮೊಬೈಲ್ ಶಾಪಿಂಗ್ ಮೇಲೆ ಜೋಕು ಕಟ್ಟಬೇಡಿ. ಅದು ಯಜಮಾನನ ಭಾಷೆ, ನಮ್ಮ ಬಾಯಲ್ಲಿ ನಾರುತ್ತದೆ. ಗಾರ್ಮೆಂಟ್ಸ್ ಹೆಂಗಸರ ಸಮಸ್ಯೆ 'ಕಾರ್ಮಿಕರ ವಿಷಯ', ಜಾತಿಯ ವಿಷಯವಲ್ಲ ಅಂತ ಪಕ್ಕಕ್ಕಿಡುವುದನ್ನೂ ಬಿಡಿ. ದಿಂಡಿಗಲ್ಲಿನ ಹೆಂಗಸರು ಎರಡನ್ನೂ ಒಂದೇ ಏಟಿಗೆ ಹಿಡಿದರು.

ವಿದ್ಯಾರ್ಥಿನಿಯರಿಗೆ ಎರಡನೇ ಮಾತು. ನಿಮಗೆ ಬೇಕಾದ್ದನ್ನು ತೊಡಿ, ಚೆಂದ ಕಾಣಿ. ಅದು ನಿಮ್ಮ ಅಜ್ಜಿಯರು ಗೆದ್ದುಕೊಟ್ಟ ಹಕ್ಕು. ಆದರೆ ಪೊಟ್ಟಣ ಬಿಚ್ಚಿದಾಗ ಹೊಲಿಗೆಯ ಮೇಲೆ ಒಮ್ಮೆ ಬೆರಳಾಡಿಸಿ. ನಿಮ್ಮ ಚಿಕ್ಕಮ್ಮನೋ ಅತ್ತಿಗೆಯೋ ಅಂಥದೇ ಹೊಲಿಗೆ ಹಾಕುತ್ತಿರಬಹುದು. ಹೋದ ತಿಂಗಳಿನ ಬಟ್ಟೆ ಈ ತಿಂಗಳು ಹಳತಾಯಿತು ಅಂತ ಮೊಬೈಲು ಹೇಳಿದರೆ ನಂಬಬೇಡಿ. ನಿಮಗೆ ನಾಚಿಕೆ ಹುಟ್ಟಿಸಿ ದುಡ್ಡು ಮಾಡುವ ಕಸುಬು ಅದು. ನಮಗೆ ನಾಚಿಕೆ ಹುಟ್ಟಿಸಿ ಬದುಕಿದವರನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಮೂರನೆಯದು, ಎಲ್ಲರೂ ಸೇರಿ ಕೇಳಬೇಕಾದದ್ದು. ಬಟ್ಟೆಯ ಚೀಟಿಯ ಮೇಲೆ ಅಳತೆ ಅಚ್ಚು ಹಾಕುತ್ತಾರೆ, ಬೆಲೆ ಅಚ್ಚು ಹಾಕುತ್ತಾರೆ, ಒಗೆಯುವ ವಿಧಾನ ಅಚ್ಚು ಹಾಕುತ್ತಾರೆ. ಎಲ್ಲಿ ಹೊಲಿದದ್ದು, ಹೊಲಿದವಳಿಗೆ ಎಷ್ಟು ಕೊಟ್ಟದ್ದು, ಅದನ್ನೂ ಅಚ್ಚು ಹಾಕಲಿ. ಮನೆ ಬಾಗಿಲಿಗೆ ತಂದು ಕೊಡುವ ಹುಡುಗರಿಗಾಗಿ ಕರ್ನಾಟಕ ೨೦೨೫ರಲ್ಲಿ ಒಂದು ಕಾನೂನು ಮಾಡಿದೆ, ಪ್ರತಿ ವಹಿವಾಟಿನ ಮೇಲೆ ಕಂಪನಿಯಿಂದ ಶುಲ್ಕ ವಸೂಲಿ ಮಾಡಿ ಅವರ ಕ್ಷೇಮನಿಧಿಗೆ ಹಾಕಬೇಕು ಅಂತ. ತರುವವನಿಗೆ ಆಗುವುದಾದರೆ ಹೊಲಿಯುವವಳಿಗೆ ಯಾಕಾಗದು? ಗಲ್ಲಿಯ ಹತ್ತು ಮಿಷನ್ನಿನ ಕೋಣೆಯಲ್ಲಿ ಹೊಲಿಸಿದ ಬಟ್ಟೆಯನ್ನು ಮಾರಿ ಲಾಭ ಎಣಿಸುವ ಮೊಬೈಲು ಅಂಗಡಿ ಆ ಕೋಣೆಯ ಕೂಲಿಗೂ ಹೊಣೆಯಾಗಲಿ. ಹನ್ನೆರಡು ಗಂಟೆಯ ಕಾನೂನು ರದ್ದಾಗಲಿ. ಪ್ರತಿ ಕಾರ್ಖಾನೆಯಲ್ಲೂ ಹೆಂಗಸರ ಸಂಘಕ್ಕೆ ಬಾಗಿಲು ತೆರೆಯಲಿ.

ಇದನ್ನು ಓದುವ ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಹುಡುಗಿಯರಲ್ಲಿ ಬಹಳ ಜನ ಹತ್ತನೇ ತರಗತಿ ಮುಗಿಸಿ ಟೆಂಪೋ ಹತ್ತುವವರು. ಅವರು ಹೋಗುವ ಮುಂಚೆ ಆ ನಲವತ್ತು ಹೆಂಗಸರ ಲೆಕ್ಕವನ್ನು ಕಲಿಸಿ ಕಳಿಸಿ. ಮೊದಲ ಸಂಬಳದ ಚೀಟಿ ಕೈಗೆ ಬಂದ ದಿನ ಅವರಿಗೆ ಅದು ಬೇಕಾಗುತ್ತದೆ.